ಎಲ್ಲರೂ ಚೆನ್ನಾಗಿರುವಾಗಲೇ ಬರೆದಿಡಿ: ಕುಟುಂಬದ ಜಮೀನಿಗೊಂದು ಕಾನೂನು ಮಾರ್ಗದರ್ಶಿ

ಜಮೀನಿನ ಕೇಸು ಅಂದರೆ ಸಾಕು, ಬದು ಒತ್ತಿದ ಪಕ್ಕದವನೋ ಹರಾಜು ನೋಟಿಸು ಕಳಿಸಿದ ಬ್ಯಾಂಕೋ ಕಣ್ಣೆದುರು ಬರುತ್ತದೆ. ಅದೂ ನಿಜವೇ. ಆದರೆ ಕುಟುಂಬದ ಜಮೀನು ಒಡೆಯುವ ಜಗಳಗಳ ಬುಡದಲ್ಲಿ ಎಷ್ಟೋ ಸಲ ಇರುವುದು ಒಂದು ಮಾತು. "ಇದೆಲ್ಲಾ ನಿನ್ನದೇ ಅಲ್ವಾ" ಅಂತ ಅಪ್ಪ ಹೇಳಿದ್ದು. "ದುಡ್ಡು ಎಲ್ಲಿಗೆ ಹೋಗುತ್ತೆ, ಕೊಡೋಣ" ಅಂತ ವ್ಯಾಪಾರಿ ಹೇಳಿದ್ದು. "ಈ ವರ್ಷವೂ ನೀನೇ ಉಳು" ಅಂತ ಮಾಲೀಕರು ಹೇಳಿದ್ದು. ಹೇಳುವಾಗ ಎಲ್ಲರೂ ಚೆನ್ನಾಗಿಯೇ ಇದ್ದರು. ಅದಕ್ಕೇ ಯಾರೂ ಬರೆದುಕೊಳ್ಳಲಿಲ್ಲ.

ಅಂಥ ಮಾತುಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸುವುದು ಹೇಗೆ ಅಂತ ಇಲ್ಲಿ ನೋಡೋಣ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೂ ಬೇರೆ. ಹಾಗಾಗಿ ಮುಂದೆ ಬರುವ ಕೇಸುಗಳನ್ನು ನಿಮ್ಮಲ್ಲಿನ ಕಾನೂನು ಅಂದುಕೊಳ್ಳಬೇಡಿ. ಎಲ್ಲಿ ಕಾಲು ಜಾರುತ್ತದೆ ಅಂತ ತಿಳಿಯಲು ಅವು ಸಾಕು.

ಮೊದಲ ಹೆಜ್ಜೆ: ಒಂದು ಹಾಳೆ, ಮೂರು ಪ್ರಶ್ನೆ

ಒಂದು ಸಂಜೆ ಮನೆಯವರೆಲ್ಲ ಕೂತು ಪಟ್ಟಿ ಮಾಡಿ. ಜಮೀನು, ಮನೆ, ಬಾವಿ, ಪಂಪು, ಟ್ರ್ಯಾಕ್ಟರ್, ಜಾನುವಾರು, ಗೋದಾಮು, ಬ್ಯಾಂಕ್ ಖಾತೆ, ಸಾಲ, ವಿಮೆ. ಪ್ರತಿಯೊಂದರ ಎದುರು ಮೂರು ಉತ್ತರ ಬರೆಯಿರಿ: ಯಾರ ಹೆಸರಲ್ಲಿದೆ? ಯಾರ ದುಡ್ಡು ಹೋಗಿದೆ? ಈಗ ಯಾರು ಬಳಸುತ್ತಿದ್ದಾರೆ?

ಮೂರಕ್ಕೂ ಒಂದೇ ಹೆಸರು ಬಂದರೆ ಮುಂದಕ್ಕೆ ಹೋಗಿ. ಬೇರೆ ಬೇರೆ ಬಂದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಟ್ರ್ಯಾಕ್ಟರ್ ಅಣ್ಣನ ಹೆಸರಲ್ಲಿದೆ, ಕಂತು ಕಟ್ಟಿದ್ದು ಅತ್ತಿಗೆಯ ಸಂಬಳದಿಂದ, ಓಡಿಸುತ್ತಿರುವುದು ತಮ್ಮ. ಇವತ್ತು ಇದರಲ್ಲಿ ಯಾರಿಗೂ ತಕರಾರಿಲ್ಲ. ಅಣ್ಣ ತೀರಿಕೊಂಡರೆ, ಇಲ್ಲವೇ ಅಣ್ಣ ಅತ್ತಿಗೆ ಬೇರೆಯಾದರೆ, ಅದೇ ಟ್ರ್ಯಾಕ್ಟರ್ ಮೂರು ವಕೀಲರ ಕೈಗೆ ಹೋಗುತ್ತದೆ.

ಇಡೀ ಹಾಳೆಯಲ್ಲಿ ಅತಿ ದೊಡ್ಡ ಕೆಂಪು ಗುರುತು ಬೀಳುವುದು ತೀರಿಕೊಂಡವರ ಹೆಸರಲ್ಲೇ ಉಳಿದ ಜಮೀನಿಗೆ. ಅಜ್ಜನ ಹೆಸರಲ್ಲಿದ್ದದ್ದನ್ನು ಅಪ್ಪನ ಕಾಲದಲ್ಲೇ ಬದಲಾಯಿಸಿದ್ದರೆ ನಾಲ್ಕು ಸಹಿ ಸಾಕಿತ್ತು ಅನ್ನಿ. ಮೊಮ್ಮಕ್ಕಳ ಕಾಲಕ್ಕೆ ಅದು ಇಪ್ಪತ್ತು ಸಹಿ. ಅದರಲ್ಲಿ ಇಬ್ಬರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಇದು ತಾನಾಗಿ ಸರಿಹೋಗುವ ತೊಂದರೆ ಅಲ್ಲ, ಪ್ರತಿ ತಲೆಮಾರಿಗೂ ಜಾಸ್ತಿಯಾಗುತ್ತದೆ. ಬೇರೆ ಎಲ್ಲ ಬಿಟ್ಟರೂ ಇದನ್ನೊಂದು ಈ ವರ್ಷವೇ ಹಿಡಿಯಿರಿ.

ಎರಡನೇ ಹೆಜ್ಜೆ: ದುಡಿಯುವ ಮಗನಿಗೆ, ಮಗಳಿಗೆ ಕೊಟ್ಟ ಮಾತು

ಇಲ್ಲಿ ಸ್ವಲ್ಪ ನಿಲ್ಲಬೇಕು. ಕುಟುಂಬದ ಕೃಷಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿಲ್ಲ.

ಇಂಗ್ಲೆಂಡಿನಲ್ಲಿ ನಡೆದ ಒಂದು ಕೇಸು ನೋಡಿ. ಒಬ್ಬ ವ್ಯಕ್ತಿ 1976ರಿಂದ ತನ್ನ ಅಪ್ಪನ ಕಸಿನ್ ಒಬ್ಬರ ಫಾರ್ಮಿನಲ್ಲಿ ದುಡಿದರು. ಹೆಚ್ಚು ಕಡಿಮೆ ಮೂವತ್ತು ವರ್ಷ, ಒಂದು ಪೈಸೆ ಸಂಬಳ ಇಲ್ಲದೆ. ಹಿರಿಯರು ಮಾತು ಕಡಿಮೆ ಆಡುವ ಮನುಷ್ಯ. ಫಾರ್ಮ್ ನಿನಗೇ ಅಂತ ಒಮ್ಮೆಯೂ ನೇರವಾಗಿ ಹೇಳಲಿಲ್ಲ. 1990ರಲ್ಲಿ ಒಂದು ದಿನ ತಮ್ಮ ಜೀವವಿಮೆಯ ಬೋನಸ್ ನೋಟಿಸನ್ನು ಆತನ ಕೈಗಿಟ್ಟು, ತಾನು ಸತ್ತ ಮೇಲೆ ಕಟ್ಟಬೇಕಾದ ತೆರಿಗೆಗೆ ಇದು ಅಂದರು, ಅಷ್ಟೇ. ಆತ ಅರ್ಥ ಮಾಡಿಕೊಂಡರು: ಫಾರ್ಮ್ ತನಗೆ ಬರುತ್ತದೆ. ಹಿರಿಯರು 1997ರಲ್ಲಿ ವಿಲ್ ಬರೆದು ಫಾರ್ಮನ್ನು ಅವರಿಗೇ ಬಿಟ್ಟಿದ್ದರು ಕೂಡ. ಆಮೇಲೆ ವಿಲ್‌ನಲ್ಲಿದ್ದ ಬೇರೊಬ್ಬರ ಜೊತೆ ಮನಸ್ತಾಪವಾಗಿ ಅದನ್ನು ನಾಶ ಮಾಡಿದರು. ಹೊಸದು ಬರೆಯಲಿಲ್ಲ. 2005ರಲ್ಲಿ ತೀರಿಕೊಂಡರು. ವಿಲ್ ಇಲ್ಲದ ಮೇಲೆ ಕಾನೂನಿನ ಪ್ರಕಾರ ಆಸ್ತಿ ಹತ್ತಿರದ ರಕ್ತಸಂಬಂಧಿಗಳಿಗೆ. ಮೂವತ್ತು ವರ್ಷ ದುಡಿದವರ ಕೈಯಲ್ಲಿ ಉಳಿದದ್ದು ಆ ವಿಮೆ ಕಾಗದ.

ಆತ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು. ಕೊನೆಗೆ 2009ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ಪರ ತೀರ್ಪು ಕೊಟ್ಟಿತು. ಕೇಸಿನ ಹೆಸರು 'ಥಾರ್ನರ್ ವಿರುದ್ಧ ಮೇಜರ್'. ಗೆದ್ದರು ಅಂತ ಖುಷಿಪಡುವ ಮೊದಲು ಲೆಕ್ಕ ಹಾಕಿ: ಒಂದು ಸಂಜೆ ಕೂತು ಮುಗಿಸಬಹುದಾಗಿದ್ದ ಕೆಲಸಕ್ಕೆ ಮೂರು ಕೋರ್ಟು.

ಇನ್ನೂ ಕಷ್ಟದ್ದು, ಅಪ್ಪ ಅಮ್ಮ ಬದುಕಿರುವಾಗಲೇ ಸಂಬಂಧ ಕೆಡುವುದು. 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಬಂದ ಕೇಸಿನಲ್ಲಿ ಮಗ ಹೈನುಗಾರಿಕೆ ಫಾರ್ಮಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಡಿಮೆ ಸಂಬಳಕ್ಕೆ ದುಡಿದಿದ್ದ. ಮುಂದೆ ದೊಡ್ಡ ಪಾಲು ನಿನಗೆ ಅನ್ನುವ ಭರವಸೆ ಇತ್ತು. ಜಗಳವಾಯಿತು, ವಿಲ್‌ನಿಂದ ಅವನ ಹೆಸರು ಹೋಯಿತು. ಕೊಟ್ಟ ಭರವಸೆಗೆ ಬೆಲೆ ಇದೆ ಅಂತ ಕೋರ್ಟು ಒಪ್ಪಿತು. ಆದರೆ ಅದನ್ನು ಹೇಗೆ ತೀರಿಸಬೇಕು ಅನ್ನುವುದರಲ್ಲಿ ಐದು ನ್ಯಾಯಮೂರ್ತಿಗಳೇ ಮೂರು, ಎರಡು ಅಂತ ಭಾಗವಾದರು. ನ್ಯಾಯಮೂರ್ತಿಗಳಿಗೇ ಒಮ್ಮತವಾಗದ ಲೆಕ್ಕವನ್ನು ಅಡುಗೆಮನೆಯ ಜಗಳ ಬಗೆಹರಿಸೀತೇ?

ಫ್ರಾನ್ಸ್ ಇದಕ್ಕೆ ಬೇರೆ ದಾರಿ ಕಂಡುಕೊಂಡಿದೆ. 18 ದಾಟಿದ ಮಗ ಅಥವಾ ಮಗಳು ಹೆತ್ತವರ ಜಮೀನಿನಲ್ಲಿ ಸಂಬಳವಿಲ್ಲದೆ ದುಡಿದಿದ್ದರೆ, ಅದನ್ನು ಬಾಕಿ ಉಳಿದ ಸಂಬಳ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ಗರಿಷ್ಠ 10 ವರ್ಷದ ಲೆಕ್ಕ. ಆಸ್ತಿ ಪಾಲಾಗುವಾಗ ಅಷ್ಟನ್ನು ಮೊದಲು ಕೇಳಬಹುದು. 1939ರಿಂದ ಈ ಪದ್ಧತಿ ಇದೆ. ನನಗಂತೂ ಇದು ಜಾಣತನದ ಕಾನೂನು ಅನ್ನಿಸುತ್ತದೆ. ನಿಮ್ಮ ದೇಶದಲ್ಲಿ ಇಂಥದ್ದು ಇಲ್ಲದಿದ್ದರೆ ನೀವೇ ಮನೆಮಟ್ಟಿಗೆ ಮಾಡಿಕೊಳ್ಳಬಹುದು. ಹೀಗೆ ಬರೆದರೂ ಸಾಕು:

"ಇಂಥ ತಾರೀಖಿನಿಂದ ನಮ್ಮ ಮಗಳು ಜಮೀನಿನ ಕೆಲಸ ಪೂರ್ತಿ ನೋಡಿಕೊಳ್ಳುತ್ತಿದ್ದಾಳೆ. ತಿಂಗಳಿಗೆ ಇಷ್ಟು ಸಂಬಳ ಅಂತ ಲೆಕ್ಕ. ಅದರಲ್ಲಿ ಇಷ್ಟನ್ನು ಕೈಗೆ ಕೊಡುತ್ತಿದ್ದೇವೆ, ಉಳಿದದ್ದು ನಾವು ಅವಳಿಗೆ ಕೊಡಬೇಕಾದ ಬಾಕಿ. ಪಾಲು ಮಾಡುವಾಗ ಈ ಬಾಕಿಯನ್ನು ಮೊದಲು ತೆಗೆದು ಆಮೇಲೆ ಹಂಚಬೇಕು."

ಹೊರಗೆ ಕೆಲಸದಲ್ಲಿರುವ ಮಕ್ಕಳೂ ಇದಕ್ಕೆ ಸಹಿ ಹಾಕಲಿ. ಅವರ ಸಹಿ ಇಲ್ಲದ ಕಾಗದ ಅರ್ಧ ಕಾಗದ. ಆಮೇಲೆ ವಕೀಲರಿಗೆ ತೋರಿಸಿ, ನಿಮ್ಮಲ್ಲಿ ಇದು ಊರ್ಜಿತವಾಗಲು ಇನ್ನೇನು ಬೇಕು ಅಂತ ಕೇಳಿ.

ಮೂರನೇ ಹೆಜ್ಜೆ: ನಿಮ್ಮ ನಂತರ ಯಾರಿಗೆ

ವಿಲ್ ಬರೆಯದಿದ್ದರೆ ನಿಮ್ಮ ಪರವಾಗಿ ಕಾನೂನು ಬರೆಯುತ್ತದೆ. ಅದು ಏನು ಬರೆಯುತ್ತದೆ ಅನ್ನುವುದಾದರೂ ನಿಮಗೆ ಗೊತ್ತಿರಬೇಕು. ಭಾರತದಲ್ಲಿ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಜರ್ಮನಿಯ ಕೆಲವು ರಾಜ್ಯಗಳಲ್ಲಿ ಉಲ್ಟಾ ಲೆಕ್ಕ: ಫಾರ್ಮ್ ಒಡೆಯಬಾರದು ಅಂತ ಒಬ್ಬ ವಾರಸುದಾರರಿಗೇ ಇಡಿಯಾಗಿ ಹೋಗುತ್ತದೆ, ಉಳಿದವರಿಗೆ ಪರಿಹಾರ. ನಾರ್ವೆಯಲ್ಲಿ ಫಾರ್ಮ್ ಹೊರಗಿನವರಿಗೆ ಮಾರಿದರೂ ಕುಟುಂಬದವರು ಅದನ್ನು ವಾಪಸ್ ಕೊಳ್ಳುವ ಹಕ್ಕು ಇಟ್ಟುಕೊಂಡಿರಬಹುದು.

ನೀವು ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ: ಜಮೀನು ಒಟ್ಟಿಗೆ ಉಳಿಯಬೇಕೇ, ಎಲ್ಲರಿಗೂ ಸಮಪಾಲು ಸಿಗಬೇಕೇ? ಎರಡೂ ಬೇಕು ಅಂದರೆ ದುಡ್ಡು ಬೇಕು. ಉಳುವವರು ಉಳಿದವರ ಪಾಲನ್ನು ಕೊಳ್ಳಬೇಕು, ಅದಕ್ಕೆ ಕಂತು ಎಷ್ಟು, ಎಷ್ಟು ವರ್ಷ, ಬೆಲೆ ಯಾವ ಲೆಕ್ಕದಲ್ಲಿ ಅಂತ ಈಗಲೇ ಬರೆದಿಡಬೇಕು. ಮಾರುಕಟ್ಟೆ ಬೆಲೆ ಅಂತ ಬರೆದರೆ ಉಳುವವರು ಬೆಳೆಯಿಂದ ಅದನ್ನು ಯಾವತ್ತೂ ತೀರಿಸಲಾರರು. ತೀರಾ ಕಡಿಮೆ ಬೆಲೆ ಹಾಕಿ ಕೊಟ್ಟರೆ, ನಾಳೆ ಅವರು ಅದನ್ನೇ ಲೇಔಟಿಗೆ ಮಾರಿದಾಗ ಉಳಿದವರ ಹೊಟ್ಟೆ ಉರಿಯುತ್ತದೆ. ಅದಕ್ಕೆ ಒಂದು ಸಾಲು ಸೇರಿಸಿ: ಇಷ್ಟು ವರ್ಷದೊಳಗೆ ಮಾರಿದರೆ ಬಂದ ಲಾಭದಲ್ಲಿ ಎಲ್ಲರಿಗೂ ಪಾಲು.

ವಿಲ್ ಬರೆದ ಮೇಲೆ ಮಕ್ಕಳಿಗೆ ತಿಳಿಸಿ. ಮುಚ್ಚಿಟ್ಟ ವಿಲ್ ತೆರೆದಾಗ ಆಗುವ ಆಘಾತವೇ ಎಷ್ಟೋ ಕೇಸಿಗೆ ಮೂಲ. ಸಾಕ್ಷಿ, ನೋಂದಣಿ, ಸಹಿಯ ನಿಯಮ ನಿಮ್ಮಲ್ಲಿ ಏನಿದೆಯೋ ಅದನ್ನು ಚಾಚೂ ತಪ್ಪದೆ ಪಾಲಿಸಿ.

ನಾಲ್ಕನೇ ಹೆಜ್ಜೆ: ಅಣ್ಣ ತಮ್ಮಂದಿರ ವ್ಯವಹಾರಕ್ಕೆ ಒಂದು ರೂಪ

ಇಬ್ಬರು ಸೇರಿ ಲಾಭ ಹಂಚಿಕೊಳ್ಳುತ್ತಿದ್ದರೆ, ಒಂದು ಕಾಗದವೂ ಇಲ್ಲದೆ ನೀವು ಪಾಲುದಾರರಾಗಿಬಿಟ್ಟಿರಬಹುದು. ಬ್ರಿಟನ್ನಿನ 1890ರ ಕಾಯ್ದೆಯಲ್ಲೂ ಭಾರತದ 1932ರ ಕಾಯ್ದೆಯಲ್ಲೂ ಪಾಲುದಾರಿಕೆಗೆ ಬರಹ ಕಡ್ಡಾಯವಲ್ಲ. ಭಾರತದ ಹಿಂದೂ ಅವಿಭಕ್ತ ಕುಟುಂಬದ ವ್ಯವಹಾರಕ್ಕೆ ಮಾತ್ರ ಬೇರೆ ಲೆಕ್ಕ. ಹೀಗೆ ತಾನಾಗಿ ಆದ ಪಾಲುದಾರಿಕೆಯಲ್ಲಿ ಎರಡು ಅಪಾಯ. ವ್ಯವಹಾರಕ್ಕೆಂದು ನಿಮ್ಮ ತಮ್ಮ ಮಾಡಿದ ಸಾಲಕ್ಕೆ ನಿಮ್ಮ ಸ್ವಂತ ಮನೆಯೂ ಹೊಣೆಯಾಗಬಹುದು. ಮತ್ತೆ, ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ ಒಬ್ಬರು ತೀರಿಕೊಂಡ ದಿನವೇ ಪಾಲುದಾರಿಕೆ ಮುಗಿಯುತ್ತದೆ. ಬೆಳೆ ಹೊಲದಲ್ಲೇ ಇರುತ್ತದೆ, ಖಾತೆ ಮಾತ್ರ ಬ್ಯಾಂಕಿನಲ್ಲಿ ನಿಂತುಹೋಗುತ್ತದೆ.

ಕಂಪನಿ ಮಾಡಿದರೆ ಹೊಣೆ ಸೀಮಿತ, ಆದರೆ ಲೆಕ್ಕ, ಆಡಿಟ್, ತೆರಿಗೆ ಬೇರೆ. ಜಮೀನನ್ನು ಕಂಪನಿಗೆ ವರ್ಗಾಯಿಸಲು ಮಾತ್ರ ಅವಸರ ಮಾಡಬೇಡಿ. ಒಳಗೆ ಹಾಕುವುದು ಸುಲಭ, ಹೊರಗೆ ತೆಗೆಯುವಾಗ ತೆರಿಗೆ ಬೀಳಬಹುದು. ಕೆಲವು ಕಡೆ ಕಂಪನಿ ಕೃಷಿ ಜಮೀನು ಹೊಂದುವುದಕ್ಕೇ ನಿರ್ಬಂಧ ಇದೆ. ಜಮೀನು ಮನೆಯವರ ಹೆಸರಲ್ಲೇ ಇದ್ದು, ವ್ಯಾಪಾರ ಮಾತ್ರ ಕಂಪನಿಯಲ್ಲಿ ಇರುವ ಏರ್ಪಾಡನ್ನು ವಕೀಲರ ಹತ್ತಿರವೂ ಲೆಕ್ಕಪರಿಶೋಧಕರ ಹತ್ತಿರವೂ ಕೇಳಿ ನೋಡಿ.

ಐದನೇ ಹೆಜ್ಜೆ: ಗೇಣಿ, ಗಡಿ, ದಾರಿ

ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಒಂದು ಕಂಪನಿಗೆ 20 ಹೆಕ್ಟೇರಿಗೂ ಹೆಚ್ಚು ಹೊಲ ಇತ್ತು. ಪಕ್ಕದ ರೈತ ಕುಟುಂಬ ಒಪ್ಪಂದದ ಮೇಲೆ ಅಲ್ಲಿ ದನ ಮೇಯಿಸುತ್ತಿತ್ತು. ಒಪ್ಪಂದ 1983ರ ಕೊನೆಗೆ ಮುಗಿಯಿತು. ಮುಂದೆ ಕಟ್ಟಡಕ್ಕೆ ಅನುಮತಿ ಸಿಗಬಹುದು ಅನ್ನುವ ಆಸೆಯಿಂದ ಕಂಪನಿ ಅದನ್ನು ನವೀಕರಿಸಲಿಲ್ಲ. ಹಾಗಂತ ಯಾರನ್ನೂ ಹೊರಗೂ ಹಾಕಲಿಲ್ಲ. ರೈತರು ಕಾಗದ ಬರೆದು ಕೇಳಿದರು, ಉತ್ತರ ಬರಲಿಲ್ಲ. ದನ ಮೇಯುತ್ತಲೇ ಇತ್ತು. ಹನ್ನೆರಡು ವರ್ಷ ದಾಟಿತು. 2002ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ರೈತರ ಕಡೆ ಬಂತು. ಕಂಪನಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 2007ರಲ್ಲಿ ಅಲ್ಲೂ ಸೋತಿತು. ಆಮೇಲೆ ಅಲ್ಲಿನ ನೋಂದಣಿ ಕಾನೂನು ಬದಲಾಗಿದೆ. ಆದರೆ ಭಾರತವೂ ಸೇರಿ ಎಷ್ಟೋ ಕಡೆ, ಬೇರೊಬ್ಬರ ಸ್ವಾಧೀನವನ್ನು ವರ್ಷಗಟ್ಟಲೆ ಸುಮ್ನೆ ನೋಡಿಕೊಂಡು ಕೂತ ಮಾಲೀಕ ಹಕ್ಕು ಕಳೆದುಕೊಳ್ಳುವ ನಿಯಮ ಈಗಲೂ ಇದೆ.

ಮಾಲೀಕರಾದರೆ ಕ್ಯಾಲೆಂಡರಿನಲ್ಲಿ ಗೇಣಿ ಮುಗಿಯುವ ತಾರೀಖು ಬರೆದಿಡಿ. ಮುಗಿದ ವಾರವೇ ನವೀಕರಿಸಿ ಇಲ್ಲವೇ ಬಿಡಿಸಿ, ಎರಡನ್ನೂ ಬರಹದಲ್ಲೇ ಮಾಡಿ. ಗೇಣಿದಾರರಾದರೆ ಅವಧಿ ಕೇಳಿ ಪಡೆಯಿರಿ. ಫ್ರಾನ್ಸಿನಲ್ಲಿ ಮಾಮೂಲಿ ಕೃಷಿ ಗೇಣಿಗೆ ಕನಿಷ್ಠ 9 ವರ್ಷ. ಒಂದೇ ವರ್ಷದ ಗೇಣಿಯಲ್ಲಿ ಯಾರು ಗೊಬ್ಬರ ಹಾಕಿ ಮಣ್ಣು ತಿದ್ದುತ್ತಾರೆ ಹೇಳಿ? ನೀವು ಹಾಕಿದ ಪೈಪು, ಬೇಲಿ, ನೆಟ್ಟ ಗಿಡ ಬಿಟ್ಟುಹೋಗುವಾಗ ಯಾರಿಗೆ ಅನ್ನುವುದನ್ನೂ ಬರೆಸಿ. ಅದಕ್ಕೂ ಮೊದಲು ನಿಮ್ಮಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡಲು ಅವಕಾಶ ಇದೆಯೇ ಅಂತ ನೋಡಿಕೊಳ್ಳಿ. ಭಾರತದ ಹಲವು ರಾಜ್ಯಗಳಲ್ಲಿ ಇದಕ್ಕೆ ಕಟ್ಟುಪಾಡು ಇದೆ. ಅಲ್ಲಿ ಬಾಯಿಮಾತಿನ ಗೇಣಿ ನಂಬಿ ಉಳುವವರಿಗೆ ಬೆಳೆ ಸಾಲವೂ ಇಲ್ಲ, ಪರಿಹಾರವೂ ಇಲ್ಲ ಅನ್ನುವ ಪರಿಸ್ಥಿತಿ ಬರುತ್ತದೆ.

ಗಡಿಗೆ ಸರ್ವೆ ಮಾಡಿಸಿ, ಕಲ್ಲು ನೆಡಿಸಿ, ಪಕ್ಕದವರನ್ನು ಕರೆದು ಎದುರಿಗೇ ಫೋಟೊ ತೆಗೆಸಿ. ದಾರಿ ಮತ್ತು ನೀರಿನ ಹಕ್ಕು ಬೇರೆಯೇ ವಿಷಯ. ಪಕ್ಕದವರ ಹೊಲದಲ್ಲಿ ಹಾದುಹೋಗುವ ಗಾಡಿದಾರಿ ನಿಮಗೆ ಹಕ್ಕಿನಿಂದ ಸಿಕ್ಕಿದೆಯೋ ಅವರ ಒಳ್ಳೆಯತನದಿಂದಲೋ? ಅವರು ಜಮೀನು ಮಾರಿದ ಮಾರನೇ ದಿನ ಗೊತ್ತಾಗುವುದು ಬೇಡ. ನೀರಿಗಂತೂ ಒಂದೊಂದು ಕಡೆ ಒಂದೊಂದು ನ್ಯಾಯ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು. ಬಳಸದೆ ಬಿಟ್ಟರೆ ಆ ಹಕ್ಕು ಹೋಗಲೂಬಹುದು. ಪೂರ್ವದ ಕಡೆ ನದಿ ದಂಡೆಯಲ್ಲಿ ಜಮೀನಿದ್ದವರಿಗೆ ಹಕ್ಕು.

ಆರನೇ ಹೆಜ್ಜೆ: ಮಾಲು ಕೊಡುವ ಮೊದಲು ಓದಬೇಕಾದ ನಾಲ್ಕು ಸಾಲು

ಖರೀದಿದಾರರು ಕೊಟ್ಟ ಒಪ್ಪಂದದಲ್ಲಿ ಬೆಲೆಯ ಸಾಲನ್ನು ಎಲ್ಲರೂ ಓದುತ್ತಾರೆ. ಏಟು ಬೀಳುವುದು ತಿರಸ್ಕಾರದ ಸಾಲಿನಲ್ಲಿ. "ಉತ್ತಮ ಗುಣಮಟ್ಟದ ಟೊಮೆಟೊ ಸರಬರಾಜು ಮಾಡತಕ್ಕದ್ದು" ಅಂತ ಇರುತ್ತದೆ. ಉತ್ತಮ ಅಂದರೆ ಏನು? ಬೆಲೆ ಏರಿದ ದಿನ ಎಲ್ಲಾ ಹಣ್ಣೂ ಉತ್ತಮ, ಬಿದ್ದ ದಿನ ಒಂದೂ ಅಲ್ಲ. ಅದರ ಬದಲು ಹೀಗೆ ಬರೆಸಿ:

"ಹಣ್ಣು ಒಂದಕ್ಕೆ 60ರಿಂದ 90 ಗ್ರಾಂ. ಒಡೆದದ್ದು ನೂರಕ್ಕೆ 3 ಮೀರಬಾರದು. ತೂಕವೂ ಆಯ್ಕೆಯೂ ಹೊಲದ ಗೇಟಿನಲ್ಲೇ, ಎರಡೂ ಕಡೆಯವರ ಎದುರು. ಲೋಡು ಗೇಟು ದಾಟಿದ ಮೇಲೆ ಗುಣಮಟ್ಟದ ತಕರಾರು ಇಲ್ಲ."

ಅಂಕಿಗಳು ನಿಮ್ಮ ಬೆಳೆಗೆ ತಕ್ಕಂತೆ ಇರಲಿ. ಗೇಟಿನ ಸಾಲು ಮಾತ್ರ ಬಿಡಬೇಡಿ. ಲಾರಿ ಮುನ್ನೂರು ಕಿಲೋಮೀಟರು ಹೋದ ಮೇಲೆ "ಅರ್ಧ ಕೊಳೆತಿದೆ" ಅಂತ ಫೋನು ಬಂದರೆ ನೀವು ಹೋಗಿ ನೋಡುವಂತಿಲ್ಲ, ವಾಪಸ್ ತರಿಸುವಂತೆಯೂ ಇಲ್ಲ.

ಉಳಿದ ಮೂರು: ದುಡ್ಡು ಎಷ್ಟು ದಿನದಲ್ಲಿ, ತಡವಾದರೆ ಬಡ್ಡಿ ಎಷ್ಟು, ಮಳೆ ಅಥವಾ ರೋಗದಿಂದ ಬೆಳೆ ಹೋದರೆ ಯಾರ ಮೇಲೆ ಹೊರೆ. ಯುರೋಪಿಯನ್ ಒಕ್ಕೂಟದ 2019ರ ನಿಯಮದಲ್ಲಿ, ಬೇಗ ಕೆಡುವ ಮಾಲಿಗೆ ದೊಡ್ಡ ಖರೀದಿದಾರರು 30 ದಿನದೊಳಗೆ ದುಡ್ಡು ಕೊಡಬೇಕು. ಆರ್ಡರನ್ನು 30 ದಿನಕ್ಕಿಂತ ಕಡಿಮೆ ಮುನ್ಸೂಚನೆ ಕೊಟ್ಟು ರದ್ದು ಮಾಡುವಂತಿಲ್ಲ. ನಿಮ್ಮಲ್ಲಿ ಅಂಥ ಕಾನೂನು ಇರಲಿ ಬಿಡಲಿ, ಅದೇ ಎರಡು ಸಾಲನ್ನು ನಿಮ್ಮ ಒಪ್ಪಂದದಲ್ಲಿ ಕೇಳಲು ಅಡ್ಡಿ ಇಲ್ಲ. ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದ ವ್ಯಾಪಾರಿಗೆ ಕೊನೇಪಕ್ಷ ಒಂದು ಮೆಸೇಜ್ ಕಳಿಸಿ: ಇವತ್ತು ಇಷ್ಟು ಕೆಜಿ, ಈ ಬೆಲೆಗೆ, ಈ ತಾರೀಖಿನೊಳಗೆ ದುಡ್ಡು ಅಂತ ಮಾತಾಗಿದೆ. "ಸರಿ" ಅನ್ನುವ ಒಂದು ಉತ್ತರ ಬಂದರೂ ಅದು ಬರೀ ನೆನಪಿಗಿಂತ ಮೇಲು.

ಏಳನೇ ಹೆಜ್ಜೆ: ಸಾಲಕ್ಕೆ ಸಹಿ

ಸಾಲ ಪಡೆದವರಷ್ಟೇ ಜಾಮೀನು ನಿಂತವರೂ ಹೊಣೆ. ಅದಕ್ಕೇ ಸಹಿ ಹಾಕುವ ಮೊದಲು ಎರಡು ವಿಷಯ ನೋಡಿ. ಅಡಮಾನ ಇರುವುದು ಈ ಒಂದು ಸಾಲಕ್ಕೋ, ಇದೇ ಬ್ಯಾಂಕಿನಿಂದ ಮುಂದೆ ಪಡೆಯುವ ಎಲ್ಲ ಸಾಲಕ್ಕೂ ಸೇರಿಯೋ? ಇಡೀ ಜಮೀನನ್ನು ಬರೆದುಕೊಟ್ಟಿದ್ದೀರೋ, ಸಾಲಕ್ಕೆ ಸಾಕಾಗುವಷ್ಟನ್ನು ಮಾತ್ರವೋ? ವಾಸದ ಮನೆಯನ್ನು ಸಾಧ್ಯವಾದಷ್ಟೂ ಹೊರಗಿಡಿ.

ಕಂತು ಕಟ್ಟಲಾಗದು ಅಂತ ಗೊತ್ತಾದ ದಿನವೇ ಬ್ಯಾಂಕಿಗೆ ಬರೆದು ತಿಳಿಸಿ, ನೋಟಿಸು ಬರಲಿ ಅಂತ ಕಾಯಬೇಡಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1994ರ ಕಾಯ್ದೆ ಪ್ರಕಾರ, ಸಾಲ ಕೊಟ್ಟವರು ರೈತರ ಜಮೀನಿಗೆ ಕೈ ಹಾಕುವ ಮೊದಲು ಮಧ್ಯಸ್ಥರ ಎದುರು ಕೂತು ಮಾತಾಡಲು ಅವಕಾಶ ಕೊಡಬೇಕು. ಅಮೆರಿಕದಲ್ಲಿ 1986ರಿಂದ ಕುಟುಂಬ ರೈತರಿಗೆಂದೇ ದಿವಾಳಿ ಕಾನೂನಿನಲ್ಲಿ ಪ್ರತ್ಯೇಕ ಅಧ್ಯಾಯ ಇದೆ. ನಿಮ್ಮಲ್ಲಿ ಏನಿದೆ ಅಂತ ಹುಡುಕಿಡಿ.

ಎಂಟನೇ ಹೆಜ್ಜೆ: ಆಳು, ನೆರೆಯವರು, ಬೀಜ

ಕೆಲಸಕ್ಕೆ ಬರುವವರ ಹೆಸರು, ದಿನ, ಕೊಟ್ಟ ಕೂಲಿ ಒಂದು ನೋಟ್‌ಬುಕ್ಕಿನಲ್ಲಿರಲಿ. ಯಂತ್ರದಿಂದ ಪೆಟ್ಟಾದರೆ ಪರಿಹಾರ ಯಾರು ಕೊಡಬೇಕು, ವಿಮೆ ಇದೆಯೇ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2001ರ ಕೃಷಿ ಒಡಂಬಡಿಕೆ ಅಪಾಯದ ಕೆಲಸಕ್ಕೆ ಕನಿಷ್ಠ 18 ವರ್ಷ ಅನ್ನುತ್ತದೆ. ನಮ್ಮದೇ ಹುಡುಗ ಅಂತ ಟ್ರ್ಯಾಕ್ಟರ್ ಕೀ ಕೊಡುವವರು ಇದನ್ನು ಎರಡು ಸಲ ಓದಲಿ.

ಹೊಲದ ಪಕ್ಕ ಮನೆಗಳು ಎದ್ದರೆ ವಾಸನೆ, ಶಬ್ದ, ಔಷಧಿ ಸಿಂಪಡಣೆ ಎಲ್ಲಕ್ಕೂ ದೂರು ಬರುತ್ತದೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಇಪ್ಪತ್ತು ಮೂವತ್ತು ಸಾವಿರ ದನಗಳಿದ್ದ, ದಿನಕ್ಕೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಸಗಣಿ ಬೀಳುತ್ತಿದ್ದ ಫೀಡ್‌ಲಾಟಿನ (ದನಗಳನ್ನು ಕೂಡಿಹಾಕಿ ಮೇವು ಹಾಕಿ ಕೊಬ್ಬಿಸುವ ಜಾಗ) ಹತ್ತಿರಕ್ಕೆ ಸನ್ ಸಿಟಿ ಅನ್ನುವ ಬಡಾವಣೆ ಬೆಳೆಯುತ್ತಾ ಬಂತು. 1972ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ದನಗಳು ಜಾಗ ಬಿಡಬೇಕು, ಬಡಾವಣೆ ಕಟ್ಟಿದವರು ಅದರ ಖರ್ಚು ಕೊಡಬೇಕು ಅಂದಿತು. ನೀವು ಎಷ್ಟು ವರ್ಷದಿಂದ ಅಲ್ಲಿದ್ದೀರಿ ಅನ್ನುವುದಕ್ಕೆ ತಾರೀಖು ಇರುವ ಫೋಟೊ, ಬಿಲ್ಲು, ಪರವಾನಗಿ ಇಟ್ಟುಕೊಳ್ಳಿ.

ಬೀಜದ ಚೀಲದ ಮೇಲಿನ ಸಣ್ಣಕ್ಷರ ಓದಿ. ಭಾರತದ 2001ರ ಕಾಯ್ದೆ ರೈತರಿಗೆ ಬೀಜ ಉಳಿಸಿಕೊಳ್ಳುವ, ಬಿತ್ತುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನೂ ಕೊಡುತ್ತದೆ. ಅಮೆರಿಕದಲ್ಲಿ ಪೇಟೆಂಟ್ ಇರುವ ಸೋಯಾವನ್ನು ಹಾಗೆ ಬಿತ್ತಿದ ರೈತರೊಬ್ಬರು 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು.

ಕೊನೆಗೆ: ವಕೀಲರ ಹತ್ತಿರ ಹೋಗುವಾಗ

ಜಗಳ ಶುರುವಾಗಿದ್ದರೆ ಮೊದಲು ಮಧ್ಯಸ್ಥಿಕೆ ಕೇಳಿ. ಇಬ್ಬರಿಗೂ ಬೇಕಾದ ಸಂಬಂಧಿಕರು ಮಧ್ಯಸ್ಥರಾಗುವುದಕ್ಕಿಂತ ಇಬ್ಬರಿಗೂ ಪರಿಚಯವಿಲ್ಲದವರಾದರೆ ವಾಸಿ. ಒಪ್ಪಂದವಾದರೆ ಅದೇ ದಿನ ಬರಹ, ಅದೇ ದಿನ ಸಹಿ.

ಒಬ್ಬರೇ ವಕೀಲರು ಅಪ್ಪನಿಗೂ ಮಗನಿಗೂ ಸಲಹೆ ಕೊಡುವುದು ಬೇಡ. ಮುಂದೆ ಸಹಿ ಒತ್ತಾಯದ್ದು ಅನ್ನುವ ಮಾತು ಬಂದರೆ, ಬೇರೆ ಬೇರೆ ವಕೀಲರಿದ್ದರು ಅನ್ನುವುದು ಕೈಹಿಡಿಯುತ್ತದೆ. ಫೀಸು ಸಿಟ್ಟಿಂಗಿಗೋ ಇಡೀ ಕೆಲಸಕ್ಕೋ ಅಂತ ಮೊದಲೇ ಕೇಳಿ. ಹೋಗುವಾಗ ಮೊದಲ ಹೆಜ್ಜೆಯ ಹಾಳೆ ತೆಗೆದುಕೊಂಡು ಹೋಗಿ, ಕೆಂಪು ಗುರುತಿನ ಸಾಲುಗಳಿಂದಲೇ ಮಾತು ಶುರು ಮಾಡಿ. ಮೂಲ ಕಾಗದಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ಜೆರಾಕ್ಸ್ ಕೊಡಿ, ಮೂಲವನ್ನು ತೋರಿಸಿ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.